ಎಲೆ ಹಳದಿಯಾದರೆ ಮೊದಲು ಮದ್ದಿನ ಅಂಗಡಿಗೆ ಓಡಬೇಡಿ



ಆಟಿಯ ಮಳೆಯಲ್ಲಿ ಅಂಗಳಕ್ಕೆ ಬೀಜ ಹಾಕಿದರೆ ಮೊಳಕೆ ಉಳಿಯುವುದಿಲ್ಲ. ಆದ್ದರಿಂದ ನಮ್ಮ ಕಾಸರಗೋಡಿನ ಕಡೆಯ ಮನೆಗಳಲ್ಲಿ ಬದನೆ, ಮೆಣಸು, ಟೊಮೆಟೊ ಸಸಿಗಳು ಜಗಲಿಯ ಮೂಲೆಯಲ್ಲೋ ಅಡುಗೆಮನೆಯ ಕಿಟಕಿಯ ಬಳಿಯಲ್ಲೋ ಹಳೆಯ ಬಕೆಟ್, ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಬೆಳೆಯುತ್ತವೆ. ಮೊಂತಿ ಹಬ್ಬ ಕಳೆದು ಮಳೆ ಇಳಿದ ಮೇಲೆ ಅವನ್ನು ಹೊರಗೆ ನೆಡುವುದು ವಾಡಿಕೆ. ಈ ಮಧ್ಯೆ ನಾಲ್ಕು ಎಲೆ ಹಳದಿಯಾದರೆ ಸಾಕು, "ಫಾದರ್, ಇದಕ್ಕೆ ಯಾವ ಮದ್ದು ಬಿಡಬೇಕು?" ಎಂಬ ಪ್ರಶ್ನೆ ಬರುತ್ತದೆ. ಯಾಕೆ ಹಳದಿಯಾಯಿತು ಎಂದು ಕೇಳುವವರು ಕಡಿಮೆ.

ಇದು ತಿರುವುಮುರುವಾದ ಕ್ರಮ ಎಂದು ನನ್ನ ಅಭಿಪ್ರಾಯ. ಸೂರಿನಡಿಯ ಸಸಿ ಕೆಡುವುದಕ್ಕೆ ಹೆಚ್ಚಾಗಿ ಕೀಟ ಕಾರಣವಲ್ಲ. ನಾವು ಅತಿಯಾಗಿ ಹೊಯ್ದ ನೀರು, ಕೊಡದೆ ಹೋದ ಬೆಳಕು ಕಾರಣ. ಇವೆರಡಕ್ಕೂ ಬಾಟಲಿಯಲ್ಲಿ ಮದ್ದು ಸಿಗುವುದಿಲ್ಲ.

ಯಾವ ಎಲೆ ಹಳದಿಯಾಗಿದೆ ಎಂದು ಮೊದಲು ನೋಡಿ. ಬೀಜ ಒಡೆದಾಗ ಬರುವ ಜೋಡಿ ಎಲೆ, ಮೇಲೆ ನಾಲ್ಕಾರು ನಿಜವಾದ ಎಲೆಗಳು ಬಂದ ಮೇಲೆ ಹಳದಿಯಾಗಿ ಉದುರಿದರೆ ಅದು ರೋಗವೇ ಅಲ್ಲ. ಅದರ ಕೆಲಸ ಮುಗಿಯಿತು. ಅದರ ಮೇಲಿನ ಹಳೆಯ ಎಲೆಗಳು ಪೂರ್ತಿ ಮಾಸಲು ಹಳದಿಯಾಗಿ, ಚಿಗುರು ಮಾತ್ರ ಹಸಿರಾಗಿದ್ದರೆ ಸಾರಜನಕ ಸಾಲದು. ಮಕ್ಕಳಿಗೆ ಬಡಿಸಿ ತಾನು ಹಸಿದಿರುವ ತಾಯಿಯ ಹಾಗೆ, ಗಿಡ ಹಳೆಯ ಎಲೆಯಲ್ಲಿದ್ದುದನ್ನು ಚಿಗುರಿಗೆ ಕಳುಹಿಸುತ್ತದೆ. ಚೆನ್ನಾಗಿ ಕಳಿತ ಹಟ್ಟಿ ಗೊಬ್ಬರವನ್ನು ನೀರಿನಲ್ಲಿ ಕದಡಿ ತಿಳಿಯನ್ನು ಕೊಡಿ. ಯೂರಿಯಾದ ಚಿಟಿಕೆ ಹಾಕುವವರಿದ್ದಾರೆ. ಅಂಗೈಯಷ್ಟು ಮಣ್ಣಿನಲ್ಲಿ ಅದು ಬೇರನ್ನೂ ಎಲೆಯ ಅಂಚನ್ನೂ ಸುಡುತ್ತದೆ.

ಇದಕ್ಕೆ ವಿರುದ್ಧವಾಗಿ, ಚಿಗುರೆಲೆ ಹಳದಿಯಾಗಿ ನರಗಳು ಮಾತ್ರ ಹಸಿರು ಉಳಿದರೆ ಅದು ಕಬ್ಬಿಣ ಸಿಗದ ಲಕ್ಷಣ. ನಮ್ಮ ಮುರಕಲ್ಲಿನ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರಗಾಲವಿಲ್ಲ, ಮಣ್ಣಿನ ಕೆಂಪು ಬಣ್ಣವೇ ಅದರದ್ದು. ಇದ್ದೂ ಸಿಗದಿರುವುದು ಯಾಕೆ? ಒಂದೋ ಒಲೆಯ ಬೂದಿ ಅಥವಾ ಸುಣ್ಣ ಅತಿಯಾಗಿದೆ, ಇಲ್ಲವೇ ಬೇರು ನೀರಿನಲ್ಲಿ ಉಸಿರುಗಟ್ಟಿದೆ.

ಈ ನೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಳೆಗಾಲದಲ್ಲಿ ಗಾಳಿಯೇ ಒದ್ದೆ. ತೊಟ್ಟೆಯ ಮಣ್ಣು ಮೂರು ದಿನವಾದರೂ ಆರುವುದಿಲ್ಲ. ನಾವಾದರೋ ಬೇಸಗೆಯ ಅಭ್ಯಾಸದಂತೆ ದಿನಾ ಸಂಜೆ ಒಂದು ಚೊಂಬು ನೀರು ಹೊಯ್ಯುತ್ತೇವೆ. ಗಿಡ ಬಾಡಿತು ಎಂದು ಇನ್ನೊಂದು ಚೊಂಬು! ಬೇರು ಕೊಳೆತ ಗಿಡವೂ ನೀರಿಲ್ಲದ ಗಿಡದಂತೆಯೇ ಬಾಡುತ್ತದೆ ಎಂಬುದನ್ನು ನೆನಪಿಡಿ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒದ್ದೆಯಿದ್ದರೆ ನೀರು ಬೇಡ. ಅನುಮಾನವಿದ್ದರೆ ಒಂದು ಸಸಿಯ ಆಸೆ ಬಿಟ್ಟು ಬೇರು ಸಹಿತ ಎತ್ತಿ ನೋಡಿ. ಬಿಳಿ ಬೇರು ಆರೋಗ್ಯವಂತ. ಕಂದುಬಣ್ಣಕ್ಕೆ ತಿರುಗಿ ಲೋಳೆಯಾಗಿ ವಾಸನೆ ಬರುತ್ತಿದ್ದರೆ ಕೊಳೆತಿದೆ. ಬುಡದಲ್ಲಿಯೇ ಕಾಂಡ ಮೆತ್ತಗಾಗಿ ಸಸಿಗಳು ಸಾಲಾಗಿ ಮಗುಚಿ ಬೀಳುವುದೂ ಒತ್ತಾಗಿ ಬಿತ್ತಿ ನೀರು ನಿಲ್ಲಿಸಿದ್ದರ ಫಲ. ಇದು ಮಾತ್ರ ನಿಜವಾದ ರೋಗ, ಮಣ್ಣಿನ ಶಿಲೀಂಧ್ರದಿಂದ ಬರುವಂಥದ್ದು. ಬಿದ್ದವನ್ನು ಮಣ್ಣು ಸಹಿತ ತೆಗೆದು ಹಾಕಿ, ಉಳಿದವನ್ನು ದೂರ ದೂರ ಇಟ್ಟು ಗಾಳಿಯಾಡಲು ಬಿಡಿ. ಹಿರಿಯರು ಬಿತ್ತುವ ಮೊದಲು ಸುಡುಮಣ್ಣು ಬಳಸುತ್ತಿದ್ದುದು ಸುಮ್ಮನೆ ಅಲ್ಲ.

ಬೆಳಕು ಸಾಲದ ಸಸಿಯನ್ನು ಗುರುತಿಸುವುದು ಸುಲಭ. ಉದ್ದಕ್ಕೆ ಸಪೂರವಾಗಿ ಬೆಳೆದು, ಬಿಳಿಚಿಕೊಂಡು, ಕಿಟಕಿಯ ಕಡೆಗೆ ವಾಲಿರುತ್ತದೆ. ಅದನ್ನು ಹೊರಗೆ ತರುವಾಗಲೂ ಅವಸರ ಬೇಡ. ನೆರಳಿನಲ್ಲಿದ್ದ ಸಸಿಯನ್ನು ಒಮ್ಮೆಲೇ ಬಿಸಿಲಿಗಿಟ್ಟರೆ ಎಲೆಯ ಮೇಲೆ ಕಾಗದದಂಥ ಬಿಳಿ ಕಲೆ ಬೀಳುತ್ತದೆ. ಜನ ಅದನ್ನೂ ರೋಗವೆನ್ನುತ್ತಾರೆ. ದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ ವಾರ, ಹತ್ತು ದಿನದಲ್ಲಿ ಬಿಸಿಲು ರೂಢಿ ಮಾಡಿಸಿ.

ಕೀಟ ಇಲ್ಲವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಮೆಣಸಿನ ಎಲೆ ಮೇಲಕ್ಕೆ ಮುದುಡಿದರೆ ಸಾಮಾನ್ಯವಾಗಿ ಥ್ರಿಪ್ಸ್, ಕೆಳಕ್ಕೆ ಮಗುಚಿದರೆ ಮೈಟ್ ನುಸಿ. ಎಲೆಯ ಅಡಿಭಾಗವನ್ನು ನೋಡದೆ ತೀರ್ಮಾನಿಸಬೇಡಿ. ಹತ್ತಿಪ್ಪತ್ತು ಸಸಿಗಳಿಗೆ ಬೇವಿನೆಣ್ಣೆಯನ್ನು ಸಾಬೂನು ನೀರಿನಲ್ಲಿ ಬೆರೆಸಿ ಎಲೆಯಡಿಗೆ ಸಿಂಪಡಿಸಿದರೆ ಧಾರಾಳವಾಯಿತು. ಎಲೆ ಸುಕ್ಕುಗಟ್ಟಿ, ಹಳದಿ ಹಸಿರು ಮಚ್ಚೆಯಾಗಿ ಗಿಡ ಕುಬ್ಜವಾದರೆ ವೈರಸ್ ಇರಬಹುದು. ಅದಕ್ಕೆ ಯಾವ ಮದ್ದೂ ಇಲ್ಲ, ಕಿತ್ತು ಸುಡುವುದೇ ದಾರಿ.

ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಜಿಲ್ಲೆ ನಮ್ಮದು. ಆ ಸಿಂಪಡಣೆ ನಿಂತದ್ದು 2000ದ ಕೊನೆಗೆ. ಸುಪ್ರೀಂ ಕೋರ್ಟು ದೇಶದಲ್ಲೇ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಆ ವಿಷಕ್ಕಾಗಿ ನಾವು ಬೀದಿಗಿಳಿದು ಕೂಗಿದ್ದು ಸರಿಯೇ. ಆದರೆ ಇನ್ನೊಂದು ವಿಷವನ್ನು ನಾವೇ ಹಣ ಕೊಟ್ಟು ತಂದು, ಮಕ್ಕಳು ಮಲಗುವ ಜಗಲಿಯಲ್ಲಿ ಸಿಂಪಡಿಸಿ, ಉಳಿದದ್ದನ್ನು ಶರಬತ್ತಿನ ಬಾಟಲಿಗೆ ತುಂಬಿ ಅಡುಗೆಮನೆಯ ಅಟ್ಟದಲ್ಲಿಡುವುದು ಯಾವ ನ್ಯಾಯ? ಡಬ್ಬಿಯ ಮೇಲಿನ ಬರಹ ಓದಲು ಬಾರದಿದ್ದರೂ ಅದರ ಚೌಕದ ಕೆಳಭಾಗದ ಬಣ್ಣ ಕಾಣುತ್ತದಲ್ಲ. ಕೆಂಪು ಎಂದರೆ ಅತ್ಯಂತ ವಿಷಕಾರಿ, ಹಳದಿಯೂ ಬಹಳ ಕಡಿಮೆಯೇನಲ್ಲ. ಇವೆರಡೂ ಮನೆಯೊಳಗೆ ಬರಕೂಡದು.

ಇಷ್ಟೆಲ್ಲ ನೋಡಿಯೂ ಕಾರಣ ತಿಳಿಯದಿದ್ದರೆ ಪಂಚಾಯತಿನ ಕೃಷಿ ಭವನಕ್ಕೆ ಹೋಗಿ. ಆದರೆ ಕಿಸೆಯಲ್ಲಿ ಒಂದು ಒಣಗಿದ ಎಲೆ ಹಾಕಿಕೊಂಡು ಹೋಗಬೇಡಿ. ಬೇರು, ಮಣ್ಣು ಸಹಿತ ಇಡೀ ಸಸಿಯನ್ನು, ಜೊತೆಗೆ ಚೆನ್ನಾಗಿರುವ ಇನ್ನೊಂದನ್ನು ಒಯ್ಯಿರಿ. ನೀರು ಎಷ್ಟು ದಿನಕ್ಕೊಮ್ಮೆ ಕೊಟ್ಟಿರಿ, ಏನೇನು ಹಾಕಿದಿರಿ ಎಂಬುದನ್ನು ಮುಚ್ಚಿಡದೆ ಹೇಳಿ.