ಕುಂಯ್ ಎನ್ನದ ನಾಯಿಗೂ ನೋವುಂಟು

ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯ ಯಾವ ಹಳ್ಳಿಗೆ ಹೋದರೂ ನಾಯಿ ಇಲ್ಲದ ಬೀದಿ ಕಾಣುವುದಿಲ್ಲ. ಕೊಟ್ಟಿಗೆಯ ಹಸುಗಳಿಗೆ, ಕುರಿಮಂದೆಗೆ, ಟೊಮೆಟೊ ಹೊಲಕ್ಕೆ, ದ್ರಾಕ್ಷಿ ತೋಟಕ್ಕೆ ನಾಯಿಯೇ ಕಾವಲು. ಹೀಗೆ ಕಾಯುವ ನಾಯಿಗೆ ಗಾಯವಾಗುವುದೂ ಹೆಚ್ಚು. ಬೇಲಿಯ ಮುಳ್ಳುತಂತಿ ಚರ್ಮ ಸೀಳುತ್ತದೆ. ಕಾಡುಹಂದಿಯ ಕೋರೆ ತಿವಿಯುತ್ತದೆ. ಪೇರೇಸಂದ್ರದ ಬಳಿ ಹೆದ್ದಾರಿ ದಾಟುವಾಗ ವಾಹನ ಬಡಿಯುತ್ತದೆ. ಕೆಲವು ನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ ಹೊಟ್ಟೆಯ ಮೇಲೆ ಹೊಲಿಗೆಯೊಂದಿಗೆ ಮನೆಗೆ ತಂದಿರುತ್ತಾರೆ.

ಮಕ್ಕಳೇ, ಇಂಥ ಸಮಯದಲ್ಲಿ ಮನೆಯಲ್ಲಿ ಮೂರು ಮಾತು ಕೇಳಿಬರುತ್ತವೆ. ನೀವೂ ಕೇಳಿರಬಹುದು. "ಅರಚುತ್ತಿಲ್ಲ, ಅಂದಮೇಲೆ ನೋವಿಲ್ಲ." "ಬಿಡು, ನೆಕ್ಕಿಕೊಂಡು ತಾನೇ ವಾಸಿ ಮಾಡಿಕೊಳ್ಳುತ್ತೆ." "ಮನೆಯಲ್ಲಿರೋ ಮಾತ್ರೆ ಒಂದು ಕೊಟ್ಟುಬಿಡು." ಹೇಳುವವರ ಮನಸ್ಸಿನಲ್ಲಿ ಕೆಡುಕಿಲ್ಲ. ಆದರೆ ಈ ಮೂರು ಮಾತುಗಳನ್ನು ನಂಬಿದ್ದರಿಂದ ಎಷ್ಟೋ ನಾಯಿಗಳು ಅನಗತ್ಯವಾಗಿ ನರಳುತ್ತವೆ, ಕೆಲವು ಸಾಯುತ್ತವೆ. ವಿಜ್ಞಾನ ಓದುವ ನಾವು ಇವನ್ನು ಒಂದೊಂದಾಗಿ ಪರೀಕ್ಷಿಸಿ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಅರಚದಿದ್ದರೆ ನೋವಿಲ್ಲವೇ?

ನಿಮ್ಮ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದರೆ ಏನಾಗುತ್ತದೆ? ಚರ್ಮದಲ್ಲಿರುವ ನರತುದಿಗಳು ಸುದ್ದಿಯನ್ನು ಬೆನ್ನುಹುರಿಗೆ ಮುಟ್ಟಿಸುತ್ತವೆ. ಕಾಲು ಥಟ್ಟನೆ ಮೇಲೇಳುತ್ತದೆ. ಸುದ್ದಿ ಮಿದುಳನ್ನು ತಲುಪಿದಾಗ ನಿಮಗೆ ನೋವು ತಿಳಿಯುತ್ತದೆ. ನಾಯಿಯ ಮೈಯಲ್ಲೂ ಇದೇ ಬಗೆಯ ನರತುದಿಗಳಿವೆ, ಬೆನ್ನುಹುರಿ ಇದೆ, ಮಿದುಳಿದೆ. ಶಸ್ತ್ರಚಿಕಿತ್ಸೆಗೆ ಮುನ್ನ ನಮಗೆ ಅರಿವಳಿಕೆ ಕೊಡುವಂತೆ ನಾಯಿಗೂ ಕೊಡುವುದು ಇದೇ ಕಾರಣಕ್ಕೆ.

ಹಾಗಾದರೆ ಅದು ಏಕೆ ಅಳುವುದಿಲ್ಲ? ನಾಯಿಯ ಪೂರ್ವಜರು ತೋಳಗಳು. ಕಾಡಿನಲ್ಲಿ ತನ್ನ ಬಲಹೀನತೆಯನ್ನು ತೋರಿಸಿಕೊಂಡ ಪ್ರಾಣಿಗೆ ಅಪಾಯ ಹೆಚ್ಚು. ನೋವನ್ನು ಬಚ್ಚಿಡುವ ಗುಣ ಹೀಗೆ ಬಂದಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ನಿಮ್ಮ ಮನೆಯ ಎಳೆಮಗುವಿಗೂ ಹೊಟ್ಟೆನೋವು ಎಂದು ಹೇಳಲು ಬಾರದು. ಆದರೂ ಅದಕ್ಕೆ ನೋವಿಲ್ಲ ಎಂದು ಯಾರೂ ಹೇಳುವುದಿಲ್ಲ, ಅಲ್ಲವೇ? ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವು ಎಂಬುದರ ವಿವರಣೆಯನ್ನು ಪರಿಷ್ಕರಿಸಿತು. ಬಾಯಿಬಿಟ್ಟು ಹೇಳುವುದು ನೋವನ್ನು ತಿಳಿಸುವ ಹಲವು ದಾರಿಗಳಲ್ಲಿ ಒಂದು ಮಾತ್ರ, ಹೇಳಲಾಗದ ಮನುಷ್ಯರಿಗೂ ಪ್ರಾಣಿಗಳಿಗೂ ನೋವು ಇರಬಹುದು ಎಂಬುದನ್ನು ಅದರಲ್ಲಿ ಸ್ಪಷ್ಟಪಡಿಸಿತು.

ಹೇಳದ ನೋವನ್ನು ತಿಳಿಯುವುದು ಹೇಗೆ? ಸ್ಕಾಟ್‌ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಪಶುವೈದ್ಯ ವಿಜ್ಞಾನಿಗಳು ಇದಕ್ಕಾಗಿ ಒಂದು ಅಳತೆಪಟ್ಟಿ ಮಾಡಿದ್ದಾರೆ. ಅದರ ಸಂಕ್ಷಿಪ್ತ ರೂಪ 2007ರಲ್ಲಿ ಪ್ರಕಟವಾಯಿತು. ಅದರಲ್ಲಿ ನೋಡುವ ಆರು ಅಂಶಗಳು ಇವು:

1. ನಾಯಿ ಮುಲುಗುತ್ತಿದೆಯೇ, ಸುಮ್ಮನಿದೆಯೇ?
2. ಗಾಯವನ್ನು ತಿರುಗಿ ತಿರುಗಿ ನೋಡುತ್ತಿದೆಯೇ, ನೆಕ್ಕುತ್ತಿದೆಯೇ, ಕಚ್ಚುತ್ತಿದೆಯೇ?
3. ಎದ್ದು ನಡೆಯುವಾಗ ಕುಂಟುತ್ತದೆಯೇ, ಏಳಲು ಹಿಂಜರಿಯುತ್ತದೆಯೇ?
4. ಗಾಯದ ಸುತ್ತ ಮೆಲ್ಲನೆ ಒತ್ತಿದರೆ ಹೇಗೆ ವರ್ತಿಸುತ್ತದೆ?
5. ಕರೆದರೆ ಬಾಲ ಅಲ್ಲಾಡಿಸುತ್ತದೆಯೇ, ಮಂಕಾಗಿದೆಯೇ, ಹೆದರಿದೆಯೇ?
6. ಆರಾಮವಾಗಿ ಮಲಗಿದೆಯೇ, ಬೆನ್ನು ಬಾಗಿಸಿ ಬಿಗಿಯಾಗಿ ನಿಂತಿದೆಯೇ?

ಮುಲುಗುವುದು ಆರರಲ್ಲಿ ಒಂದು ಮಾತ್ರ ಎಂಬುದನ್ನು ಗಮನಿಸಿ. ನಾಲ್ಕನೆಯದನ್ನು ವೈದ್ಯರಿಗೆ ಬಿಟ್ಟುಬಿಡಿ. ಉಳಿದ ಐದನ್ನು ದೂರದಿಂದಲೇ ನೋಡಬಹುದು. ಇದಕ್ಕೆ ಯಂತ್ರ ಬೇಡ. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಒಮ್ಮೆ, ಸಂಜೆ ಬಂದ ಮೇಲೆ ಒಮ್ಮೆ ನೋಡಿ, ಹಳೆಯ ನೋಟ್‌ಬುಕ್ಕಿನಲ್ಲಿ ದಿನಾಂಕ ಹಾಕಿ ಬರೆದಿಡಿ. ಎಷ್ಟು ತಿಂದಿತು, ಮೂತ್ರ ಮಾಡಿತೇ, ಗಾಯ ಕೆಂಪಾಗಿದೆಯೇ, ವಾಸನೆ ಬರುತ್ತಿದೆಯೇ ಎಂಬುದನ್ನೂ ಬರೆಯಿರಿ. "ಮೊನ್ನೆಯಿಂದ ಯಾಕೋ ಸರಿಯಿಲ್ಲ" ಎನ್ನುವುದಕ್ಕಿಂತ ಇಂಥ ಒಂದು ಪುಟ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನೆಕ್ಕಿದರೆ ವಾಸಿಯಾಗುತ್ತದೆಯೇ?

ಈ ಮಾತಿನಲ್ಲಿ ಸ್ವಲ್ಪ ನಿಜವಿದೆ. ನಾಯಿಯ ಜೊಲ್ಲು ಕೆಲವು ಬಗೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದೆಂದು 1990ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಆದರೆ ಅದೇ ಬಾಯಿಯಲ್ಲಿ ಗಾಯವನ್ನು ಕೀವುಗಟ್ಟಿಸುವ ಬ್ಯಾಕ್ಟೀರಿಯಾಗಳೂ ಇವೆ. ನಾಯಿ ನೆಕ್ಕುತ್ತಲೇ ಇದ್ದರೆ ಗಾಯ ಒಣಗುವುದಿಲ್ಲ, ಹೊಸದಾಗಿ ಬೆಳೆದ ತೆಳುಪದರ ಕಿತ್ತುಬರುತ್ತದೆ. ಹೊಲಿಗೆಯನ್ನಂತೂ ಹಲ್ಲಿನಿಂದ ಕೆಲವೇ ನಿಮಿಷಗಳಲ್ಲಿ ಬಿಚ್ಚಿಬಿಡುತ್ತದೆ.

ಇದನ್ನು ತಡೆಯಲು ವೈದ್ಯರು ಕೊರಳಿಗೆ ಲಾಳಿಕೆಯಂಥ ಪಟ್ಟಿ ಹಾಕುತ್ತಾರೆ. ಇದಕ್ಕೆ ಎಲಿಜಬೆತ್ ಕಾಲರ್ ಎಂದು ಹೆಸರು. ಹದಿನಾರನೆಯ ಶತಮಾನದ ಇಂಗ್ಲೆಂಡಿನಲ್ಲಿ, ಒಂದನೆಯ ಎಲಿಜಬೆತ್ ರಾಣಿಯ ಕಾಲದ ಶ್ರೀಮಂತರು ಕೊರಳ ಸುತ್ತ ಅಗಲವಾದ ನೆರಿಗೆಯ ಪಟ್ಟಿ ಧರಿಸುತ್ತಿದ್ದರು. ಆ ಹೋಲಿಕೆಯಿಂದ ಈ ಹೆಸರು ಬಂತು. ಕಾಲರ್ ಸಿಗದಿದ್ದರೆ ದಪ್ಪ ರಟ್ಟನ್ನು ಲಾಳಿಕೆಯಾಕಾರಕ್ಕೆ ಸುತ್ತಿ, ಅಂಚಿಗೆ ಬಟ್ಟೆ ಹೊಲಿದು ದೊಡ್ಡವರು ಮಾಡಿಕೊಡಬಹುದು. ಮೂಗಿನ ತುದಿಗಿಂತ ಅದು ಸ್ವಲ್ಪ ಮುಂದೆ ಚಾಚಿರಬೇಕು. ಆದರೆ ಉಸಿರಾಟಕ್ಕೂ ನೀರು ಕುಡಿಯುವುದಕ್ಕೂ ಅಡ್ಡಿಯಾಗಬಾರದು.

ಗಾಯದ ಮೇಲೆ ಸೀಮೆಎಣ್ಣೆ, ಫಿನಾಯಿಲ್, ಇಂಜಿನ್ ಆಯಿಲ್ ಸುರಿಯುವವರೂ ಇದ್ದಾರೆ. ಇವು ರೋಗಾಣುಗಳ ಜೊತೆಗೆ ಬೆಳೆಯುತ್ತಿರುವ ಹೊಸ ಜೀವಕೋಶಗಳನ್ನೂ ಸುಡುತ್ತವೆ. ನೆಕ್ಕಿದಾಗ ಹೊಟ್ಟೆಗೂ ಸೇರುತ್ತವೆ. ಆಳವಾದ ಗಾಯಕ್ಕೆ ಅರಿಶಿನಪುಡಿ ಗುಡ್ಡೆಹಾಕಿದರೆ ಒಳಗಿನ ಕೊಳೆ ಅಲ್ಲೇ ಉಳಿಯುತ್ತದೆ. ವೈದ್ಯರು ನೋಡುವವರೆಗೆ ದೊಡ್ಡವರು ಮಾಡಬಹುದಾದ ಸುರಕ್ಷಿತ ಕೆಲಸವೆಂದರೆ, ಒಂದು ಲೀಟರ್ ನೀರಿಗೆ ಸುಮಾರು 9 ಗ್ರಾಂ ಉಪ್ಪು ಹಾಕಿ ಕುದಿಸಿ, ಆರಿಸಿ, ಅದರಿಂದ ಗಾಯ ತೊಳೆದು ಶುಭ್ರ ಬಟ್ಟೆ ಮುಚ್ಚುವುದು. ರಕ್ತ ಹರಿಯುತ್ತಿದ್ದರೆ ತೊಳೆಯುತ್ತ ಕೂರದೆ, ಬಟ್ಟೆಯಿಂದ ಒತ್ತಿ ಹಿಡಿದು ಆಸ್ಪತ್ರೆಗೆ ಹೊರಡಬೇಕು. ಬಟ್ಟೆ ಮುಚ್ಚುವುದಕ್ಕೆ ಇನ್ನೊಂದು ಕಾರಣವೂ ಇದೆ. ತೆರೆದ ಗಾಯದಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗಬಹುದು.

ನಮ್ಮ ಮಾತ್ರೆ ನಾಯಿಗೆ ಆಗುತ್ತದೆಯೇ?

ಖಂಡಿತ ಬೇಡ. ಮೂರರಲ್ಲಿ ಇದೇ ಹೆಚ್ಚು ಅಪಾಯದ ಮಾತು. ನಾಯಿಯ ಸಹಜ ಮೈಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ನಮ್ಮದು ಸುಮಾರು 37. ಆದ್ದರಿಂದ ಆರೋಗ್ಯವಾಗಿರುವ ನಾಯಿಯೂ ನಮ್ಮ ಕೈಗೆ ಬಿಸಿಯೆನಿಸುತ್ತದೆ. ಇದನ್ನೇ ಜ್ವರವೆಂದುಕೊಂಡು ಪ್ಯಾರಾಸಿಟಮಾಲ್ ಕೊಟ್ಟರೆ ಅದರ ಯಕೃತ್ತಿಗೆ ಪೆಟ್ಟು ಬೀಳಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳಂಥ ನೋವಿನ ಮಾತ್ರೆಗಳು ನಾಯಿಯ ಜಠರದಲ್ಲಿ ಹುಣ್ಣು ಮಾಡುತ್ತವೆ, ಮೂತ್ರಪಿಂಡಗಳನ್ನು ಕೆಡಿಸುತ್ತವೆ.

ಒಬ್ಬರ ಮದ್ದು ಇನ್ನೊಬ್ಬರಿಗೆ ವಿಷವಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆಯಿದೆ. ನೋವಿಗೆಂದು ದನಗಳಿಗೆ ಕೊಟ್ಟ ಡೈಕ್ಲೊಫೆನಾಕ್, ಸತ್ತ ದನಗಳನ್ನು ತಿಂದ ರಣಹದ್ದುಗಳ ಮೈ ಸೇರಿತು. ಮೂತ್ರಪಿಂಡಗಳು ಕೆಟ್ಟು ಅವು ಲಕ್ಷಗಟ್ಟಲೆ ಸತ್ತವು. 2006ರಲ್ಲಿ ಭಾರತವು ಪಶುಗಳಿಗೆ ಈ ಔಷಧಿ ಕೊಡುವುದನ್ನು ನಿಷೇಧಿಸಿತು. ದನಕ್ಕೆ ಒಗ್ಗಿದ್ದು ಹದ್ದಿಗೆ ಒಗ್ಗಲಿಲ್ಲ. ಹಾಗೆಯೇ ನಮಗೆ ಒಗ್ಗಿದ್ದು ನಾಯಿಗೆ ಒಗ್ಗದಿರಬಹುದು. ನಾಯಿಗೆಂದೇ ನೋವು ನಿವಾರಕಗಳಿವೆ. ಅದರ ತೂಕ ನೋಡಿ ಎಷ್ಟು, ಎಷ್ಟು ದಿನ ಎಂಬುದನ್ನು ಪಶುವೈದ್ಯರೇ ನಿರ್ಧರಿಸಬೇಕು.

ಚಿಕ್ಕಬಳ್ಳಾಪುರ ಜಿಲ್ಲೆಯ ಮಕ್ಕಳಿಗೆ ಇನ್ನೊಂದು ಎಚ್ಚರಿಕೆ. ನಮ್ಮದು ದ್ರಾಕ್ಷಿಯ ಸೀಮೆ. ಕಾಯಿಲೆಯ ನಾಯಿಗೆ ಪ್ರೀತಿಯಿಂದ ನಾಲ್ಕು ದ್ರಾಕ್ಷಿ ಕೊಡಬೇಕೆನಿಸಬಹುದು. ಹಸಿ ದ್ರಾಕ್ಷಿಯಾಗಲಿ ಒಣದ್ರಾಕ್ಷಿಯಾಗಲಿ ನಾಯಿಯ ಮೂತ್ರಪಿಂಡಗಳಿಗೆ ವಿಷ. ಈರುಳ್ಳಿಯೂ ಅದರ ರಕ್ತಕ್ಕೆ ಕೆಟ್ಟದ್ದು. ವೈದ್ಯರು ಬೇಡವೆನ್ನದಿದ್ದರೆ ತೆಳುವಾದ ಗಂಜಿ, ಬೇಯಿಸಿದ ಮೊಟ್ಟೆಯನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಶಸ್ತ್ರಚಿಕಿತ್ಸೆಯ ದಿನ ಮಾತ್ರ ಅರಿವಳಿಕೆಯ ಮಂಪರು ಪೂರ್ತಿ ಇಳಿಯುವವರೆಗೆ ಏನನ್ನೂ ತಿನ್ನಿಸಬಾರದು.

ವಾಸಿಯಾಗಲು ದಿನ ಬೇಕು

ಗಾಯವನ್ನು ವಾಸಿಮಾಡುವುದು ನಾಯಿಯ ದೇಹವೇ. ಮೊದಲು ರಕ್ತ ಹೆಪ್ಪುಗಟ್ಟುತ್ತದೆ. ನಂತರ ಬಿಳಿರಕ್ತಕಣಗಳು ಬಂದು ಕೊಳೆಯನ್ನೂ ರೋಗಾಣುಗಳನ್ನೂ ತೆಗೆಯುತ್ತವೆ. ಕೆಲವು ದಿನಗಳ ಬಳಿಕ ಹೊಸ ಅಂಗಾಂಶ ಬೆಳೆಯತೊಡಗುತ್ತದೆ. ಹೊಲಿಗೆಯನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ಬಿಚ್ಚುತ್ತಾರೆ. ಆಗ ಮೇಲೆ ಚರ್ಮ ಕೂಡಿಕೊಂಡಿರುತ್ತದೆ, ನಾಯಿಯೂ ಓಡಲು ಹವಣಿಸುತ್ತದೆ. ಆದರೆ ಮೂರು ವಾರ ಕಳೆದಾಗಲೂ ಕೂಡಿದ ಜಾಗಕ್ಕೆ ಮೊದಲಿನ ಬಲದ ಸುಮಾರು ಐದನೇ ಒಂದು ಭಾಗ ಮಾತ್ರ ಬಂದಿರುತ್ತದೆ. ಓಡಿಸಿದರೆ, ಚೆಂಡೆಸೆದು ನೆಗೆಯಿಸಿದರೆ ಅದು ಮತ್ತೆ ಬಿರಿಯಬಹುದು. ಆದ್ದರಿಂದ ಮಳೆ, ಬಿಸಿಲು ಬೀಳದ, ಕೊಟ್ಟಿಗೆಯಿಂದ ದೂರವಿರುವ ಮೂಲೆಯಲ್ಲಿ ಹಳೆಯ ಹತ್ತಿ ಸೀರೆ ಹಾಸಿ ಮಲಗಿಸಿ. ಗೋಣಿಯ ನಾರು ಗಾಯಕ್ಕೆ ಅಂಟುತ್ತದೆ. ಪಕ್ಕದಲ್ಲಿ ನೀರಿಡಿ. ಮಲಮೂತ್ರಕ್ಕೆ ಮಾತ್ರ ದೊಡ್ಡವರು ಹಗ್ಗ ಹಿಡಿದು ನಿಧಾನವಾಗಿ ನಡೆಸಲಿ.

ನಿಮ್ಮ ಸುರಕ್ಷತೆಯೂ ಮುಖ್ಯ. ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚಬಹುದು. ಗಾಯಗೊಂಡ ನಾಯಿಯನ್ನು ಅಪ್ಪಿಕೊಳ್ಳಬೇಡಿ, ಬೀದಿನಾಯಿಯನ್ನು ಮುಟ್ಟಲೇಬೇಡಿ, ದೊಡ್ಡವರನ್ನು ಕರೆಯಿರಿ. ಬೇರೆ ನಾಯಿ ಕಚ್ಚಿ ಆದ ಗಾಯದಲ್ಲಿ ರೇಬೀಸ್ ವೈರಸ್ ಇರುವ ಜೊಲ್ಲು ಇರಬಹುದು. ಅಂಥ ಗಾಯವನ್ನು ದೊಡ್ಡವರೂ ಬರಿಗೈಯಲ್ಲಿ ಮುಟ್ಟಬಾರದು. ನಾಯಿ ನಿಮ್ಮನ್ನು ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಬೈಯುತ್ತಾರೆಂದು ಬಚ್ಚಿಡಬೇಡಿ. ರೇಬೀಸ್‌ನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುವವರು ಇಲ್ಲವೆನ್ನುವಷ್ಟು ಕಡಿಮೆ.

ದುಡ್ಡು ಎಲ್ಲಿಂದ?

"ಹಸುವಿಗೆ ಖರ್ಚು ಮಾಡುವುದೇ ಕಷ್ಟ, ನಾಯಿಗೆಲ್ಲಿಂದ ತರೋಣ?" ಎಂದು ಮನೆಯವರು ಕೇಳಬಹುದು. ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೇಲೆ ಹೇಳಿದ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಖರ್ಚಿಲ್ಲ. ನೆರಳು, ನೀರು, ಹಳೆಯ ಬಟ್ಟೆ, ವಿಶ್ರಾಂತಿ, ದಿನಕ್ಕೆರಡು ಸಲ ನೋಡುವ ಒಂದು ಜೊತೆ ಕಣ್ಣು, ಇವೆಲ್ಲ ಬಡವರ ಮನೆಯಲ್ಲೂ ಇವೆ. ಚಿಕಿತ್ಸೆಗೆ ಸರ್ಕಾರಿ ಪಶು ಆಸ್ಪತ್ರೆಗಳಿವೆ. 1962 ಎಂಬ ಪಶುಪಾಲನಾ ಸಹಾಯವಾಣಿಗೆ ಹಿರಿಯರಿಂದ ಕರೆ ಮಾಡಿಸಿ ಸಲಹೆ ಕೇಳಬಹುದು. ಸಾಕಿದ ಪ್ರಾಣಿ ಅನಗತ್ಯವಾಗಿ ನರಳದಂತೆ ನೋಡಿಕೊಳ್ಳುವುದು ಸಾಕಿದವರ ಕರ್ತವ್ಯವೆಂದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯೂ ಹೇಳುತ್ತದೆ.

ಕರ್ನಾಟಕದವರಿಗೆ ನಾಯಿಯ ಋಣ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949-50ರ ಕಾಲದ ಒಂದು ಶಿಲಾಶಾಸನ ದೊರೆತಿದೆ. ಮಣಲೆರ ಎಂಬ ವೀರನ ನಾಯಿ ಕಾಳಿ, ದೊಡ್ಡ ಹಂದಿಯೊಡನೆ ಹೋರಾಡಿತು. ಎರಡೂ ಸತ್ತವು. ಆ ನಾಯಿಯ ನೆನಪಿಗೆ ನಿಲ್ಲಿಸಿದ ಆ ಕಲ್ಲನ್ನು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಹಂದಿಯ ಕೋರೆ ತಾಗಿದ ಕಾಳಿಯನ್ನು ಉಳಿಸಬಲ್ಲ ಈಗಿನಂಥ ಚಿಕಿತ್ಸೆಗಳು ಅಂದು ಇರಲಿಲ್ಲ. ಇಂದು ಇವೆ. ಬದುಕಿಸಬಹುದಾದ ನಾಯಿಯನ್ನು "ಅರಚುತ್ತಿಲ್ಲ" ಎಂದು ಮೂಲೆಯಲ್ಲಿ ಬಿಟ್ಟರೆ ಅದು ನಮ್ಮ ತಪ್ಪಾಗುತ್ತದೆ.

ನಿಮ್ಮ ಬೀದಿಯಲ್ಲಿ ಯಾರದಾದರೂ ನಾಯಿಗೆ ಗಾಯವಾಗಿದ್ದರೆ, ಅದರ ಯಜಮಾನರ ಒಪ್ಪಿಗೆ ಪಡೆದು, ದೂರದಿಂದಲೇ ಒಂದು ವಾರ ಗಮನಿಸಿ ಬರೆದಿಡಿ. ಬರೆದದ್ದನ್ನು ವಿಜ್ಞಾನದ ಮೇಷ್ಟ್ರಿಗೋ ಟೀಚರಿಗೋ ತೋರಿಸಿ, ತರಗತಿಯಲ್ಲಿ ಚರ್ಚೆ ಮಾಡಿ. ಮೂರನೆಯ ದಿನದ ಪುಟಕ್ಕೂ ಮೊದಲನೆಯ ದಿನದ ಪುಟಕ್ಕೂ ಏನು ವ್ಯತ್ಯಾಸವಿದೆ ನೋಡಿ. ನಾಯಿ ಮೊದಲಿಗಿಂತ ಮಂಕಾಗಿದ್ದರೆ ಆ ಪುಟವನ್ನು ಹಿಡಿದು ಅದರ ಯಜಮಾನರ ಮನೆಗೆ ಹೋಗಿ ತಿಳಿಸಿ.