ಎತ್ತರದ ಬೇಲಿಗೆ ಯಾವ ಗಿಡ?

ತೊಪ್ಪೂರು ಕಣಿವೆಯ ಸೇಲಂ ಮಗ್ಗುಲಿಗೆ ಹೋದರೂ ಧರ್ಮಪುರಿ ಮಗ್ಗುಲಿಗೆ ಬಂದರೂ ಒಂದು ಬದಲಾವಣೆ ಕಣ್ಣಿಗೆ ಬೀಳುತ್ತದೆ. ಮನೆಗಳ ಹಿತ್ತಲ ಬೇಲಿಗಳು ಎತ್ತರವಾಗುತ್ತಿವೆ. ಹಿಂದೆ ಎದೆಮಟ್ಟದ ಕಳ್ಳಿಬೇಲಿ ಇದ್ದ ಕಡೆ ಈಗ ಹಾಲೋಬ್ಲಾಕ್ ಗೋಡೆ, ಅದರ ಮೇಲೆ ಮೂರು ಅಡಿ ತಗಡು. 44ನೇ ಸಂಖ್ಯೆಯ ಹೆದ್ದಾರಿಯಲ್ಲಿ (ಹಿರಿಯರ ಬಾಯಲ್ಲಿ ಅದು ಇನ್ನೂ 7ನೆಯದೇ) ಹಗಲಿರುಳು ಲಾರಿಗಳು ಘಾಟಿ ಇಳಿಯುತ್ತಿರುವಾಗ ಧೂಳಿಗೂ ಸದ್ದಿಗೂ ಒಂದು ತಡೆ ಬೇಕು. ಹೆಣ್ಣುಮಕ್ಕಳು ಬಟ್ಟೆ ಒಗೆಯುವ, ನೀರು ಕಾಯಿಸುವ ಜಾಗಕ್ಕೆ ಮರೆಯೂ ಬೇಕು. ಬೇಲಿ ಎತ್ತರಿಸಿದವರನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಗೋಡೆ ಎದ್ದ ಮೇಲೆ ಅದರ ಬೋಳುತನ ಯಾರಿಗೂ ಹಿಡಿಸುವುದಿಲ್ಲ. ಬೇಸಿಗೆಯಲ್ಲಿ ತಗಡು ಕಾದು ಹಿತ್ತಲು ಒಲೆಯಂತಾಗುತ್ತದೆ. ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಬೇಗ ಬೆಳೆದು ಇದನ್ನು ಮುಚ್ಚುವ ಗಿಡ ಯಾವುದು?"

ಈ ಪ್ರಶ್ನೆಯಲ್ಲಿರುವ 'ಬೇಗ' ಎಂಬ ಮಾತೇ ತೊಂದರೆಯ ಮೂಲವೆಂದು ನಮ್ಮ ಅಭಿಪ್ರಾಯ. ಬೇಲಿಗೆ ಎರಡು ಮುಖಗಳಿವೆ. ನಾವು ಈಚೆ ನೆಟ್ಟದ್ದರ ಬೇರು, ಎಲೆ, ಹೂಪುಡಿ, ಹುಳು ಎಲ್ಲವೂ ಆಚೆ ಮನೆಗೂ ಸೇರುತ್ತವೆ. ಆದುದರಿಂದ ಆಚೆ ನಿಂತು ನೋಡಿ ಗಿಡ ಆರಿಸಬೇಕು.

ನರ್ಸರಿಯವರು ಮೊದಲು ತೋರಿಸುತ್ತಿದ್ದುದು ಕೊನೊಕಾರ್ಪಸ್. ಸೊಮಾಲಿಯಾ, ಯೆಮನ್ ಕಡೆಯ ಮೂಲದ್ದು. ಕೊಲ್ಲಿ ದೇಶಗಳ ರಸ್ತೆಬದಿಗಳಲ್ಲಿ ಹೇರಳವಾಗಿದೆ. ಅಲ್ಲಿ ದುಡಿದು ಬಂದವರಿಗೆ ಅದರ ದಟ್ಟ ಹಸಿರು ಚೆನ್ನಾಗಿ ಗೊತ್ತು. ಎರಡು ವರ್ಷದಲ್ಲಿ ಗೋಡೆ ಮುಚ್ಚುತ್ತದೆ, ನಿಜ. ಆದರೆ ನೀರು ಹುಡುಕುವ ಅದರ ಬೇರು ಕೊಳವೆ, ಚರಂಡಿ, ನೆಲದಡಿಯ ತಂತಿಗಳಿಗೆ ಹಾನಿ ಮಾಡುತ್ತದೆಂದೂ, ಹೂಬಿಡುವ ಕಾಲದಲ್ಲಿ ಅದರ ಪರಾಗದಿಂದ ನೆಗಡಿ, ಕೆಮ್ಮು, ಉಬ್ಬಸ ಹೆಚ್ಚಬಹುದೆಂದೂ ದೂರುಗಳು ಬಂದವು. 2023ರಲ್ಲಿ ಗುಜರಾತ್ ಸರ್ಕಾರ ಅದನ್ನು ನೆಡುವುದನ್ನು ನಿಷೇಧಿಸಿತು. 2025ರಲ್ಲಿ ತಮಿಳುನಾಡು ಸರ್ಕಾರವೂ ಹಾಗೆಯೇ ಆದೇಶ ಹೊರಡಿಸಿತು. ಇನ್ನೂ ಯಾರಾದರೂ "ಒಂದೇ ಸಾಲು ಹಾಕಿ, ಸಾಕು" ಎಂದು ಮಾರಲು ಬಂದರೆ ಬೇಡವೆನ್ನಿ.

ಎರಡನೆಯದು ಕಣಗಿಲೆ. ತಮಿಳಿನಲ್ಲಿ ಇದಕ್ಕೆ 'ಅರಳಿ' ಎನ್ನುತ್ತಾರೆ; ನಮ್ಮ ಅರಳಿಮರವೆಂದು ತಿಳಿದು ಮೋಸಹೋಗಬಾರದು. ಹೆದ್ದಾರಿಯ ನಡುಪಟ್ಟಿಯಲ್ಲಿ ಸಾಲಾಗಿ ನಿಂತಿರುವುದು ಇದೇ. ಸೇಲಂ ಬಳಿಯ ಪನಮರತ್ತುಪಟ್ಟಿ ಕಡೆಯ ರೈತರು ಹೂವಿಗಾಗಿ ಇದನ್ನು ಬೆಳೆದು ಬದುಕುತ್ತಿದ್ದಾರೆ. ಅವರ ಬೆಳೆಯ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ಬೇರು, ತೊಗಟೆ, ಎಲೆ, ಹೂ ಎಲ್ಲವೂ ವಿಷ. ಆ ವಿಷ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಕತ್ತರಿಸಿ ಬಿಸಾಡಿದ ರೆಂಬೆಯ ಎಲೆ ತಿಂದು ಹಸು, ಆಡುಗಳು ಸಾಯುವುದುಂಟು. 2024ರ ಮೇ ತಿಂಗಳಲ್ಲಿ ಕೇರಳದ ತಿರುವಾಂಕೂರು ದೇವಸ್ವಂ ಮಂಡಳಿ ತನ್ನ ದೇವಾಲಯಗಳ ನೈವೇದ್ಯ, ಪ್ರಸಾದಗಳಲ್ಲಿ ಈ ಹೂವನ್ನು ಬಳಸಬಾರದೆಂದು ತೀರ್ಮಾನಿಸಿದ್ದೂ ಇದೇ ಭಯದಿಂದ. ಹೆದ್ದಾರಿಯ ನಡುವೆ ಮಕ್ಕಳು ಆಡುವುದಿಲ್ಲ, ಹಿತ್ತಲಲ್ಲಿ ಆಡುತ್ತಾರೆ. ಹಳದಿ ಹೂವಿನ ಕಣಗಿಲೆಯ ಕಾಯಿಯಂತೂ ಮಕ್ಕಳ ಕೈಗೆ ಸಿಗಲೇಬಾರದು. ಒಂದು ವೇಳೆ ಯಾರಾದರೂ ತಿಂದರೆ ಮನೆಮದ್ದಿನಲ್ಲಿ ಹೊತ್ತು ಕಳೆಯದೆ, ಅದೇ ಗಿಡದ ಒಂದು ಎಲೆಯನ್ನು ಜೊತೆಯಲ್ಲಿಟ್ಟುಕೊಂಡು, ನೇರವಾಗಿ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.

ಹಳೆಯ ಕಳ್ಳಿಬೇಲಿ ಉಳಿಸಿಕೊಂಡವರಿಗೂ ಒಂದು ಮಾತು. ಸವರುವಾಗ ಅದರ ಹಾಲು ಕಣ್ಣಿಗೆ ಸಿಡಿದರೆ ಹದಿನೈದು ನಿಮಿಷ ಬಿಡದೆ ಶುದ್ಧ ನೀರಿನಿಂದ ತೊಳೆದು ವೈದ್ಯರ ಬಳಿ ಹೋಗಬೇಕು. ಬೇರೇನನ್ನೂ ಕಣ್ಣಿಗೆ ಹಿಂಡಬೇಡಿ.

ಹಾಗಾದರೆ ನೆಡಬೇಕಾದ್ದು ಯಾವುದು? ನಮ್ಮ ಆಯ್ಕೆಯಲ್ಲಿ ಮೊದಲನೆಯದು ಲಕ್ಕಿ, ತಮಿಳಿನ ನೊಚ್ಚಿ. ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯುವುದರಿಂದ ಯಾರೂ ಬೆಲೆ ಕೊಡುವುದಿಲ್ಲ. ಕಡ್ಡಿ ನೆಟ್ಟರೆ ಹತ್ತುತ್ತದೆ, ಹತ್ತು ಅಡಿ ಮೀರಿ ಏರುತ್ತದೆ, ಎಷ್ಟು ಸವರಿದರೂ ಮತ್ತೆ ಚಿಗುರುತ್ತದೆ. ನೆಗಡಿಗೆ ಅದರ ಎಲೆಯ ಹಬೆ ಎಲ್ಲರಿಗೂ ಗೊತ್ತಿರುವುದೇ. ಸೊಳ್ಳೆ ಬರುವುದಿಲ್ಲವೆಂಬ ನಂಬಿಕೆಯೂ ಇದೆ. ಆದರೆ ಗಿಡ ಸುಮ್ಮನೆ ನಿಂತ ಮಾತ್ರಕ್ಕೆ ಸೊಳ್ಳೆ ಓಡುವುದಿಲ್ಲ. ಬೇಲಿಯ ಬುಡದಲ್ಲಿ ಬಿದ್ದ ತೆಂಗಿನ ಚಿಪ್ಪು, ಹಳೇ ಟೈರುಗಳಲ್ಲಿ ನಿಂತ ನೀರನ್ನು ಚೆಲ್ಲುವುದೇ ಅದಕ್ಕೆ ಮದ್ದು.

ಲಕ್ಕಿಯ ಮುಂದೆ, ಒಳಸಾಲಿಗೆ ಆಡುಸೋಗೆ. ತಮಿಳಿನಲ್ಲಿ ಇದಕ್ಕೆ 'ಆಡಾತೊಡೈ', ಅಂದರೆ ಆಡು ಮುಟ್ಟದ್ದು ಎಂಬ ಹೆಸರು. ಮೇಕೆ ಸಾಕುವ ನಮ್ಮ ಊರುಗಳಲ್ಲಿ ಇದಕ್ಕಿಂತ ದೊಡ್ಡ ಶಿಫಾರಸು ಬೇಕಿಲ್ಲ. ಆಳೆತ್ತರ ಬೆಳೆದು ಲಕ್ಕಿಯ ಬುಡದ ಬೋಳನ್ನು ಮುಚ್ಚುತ್ತದೆ. ಎಲೆ ಕೆಮ್ಮಿನ ಕಷಾಯಕ್ಕೆ ಒದಗುತ್ತದೆ. ಗರ್ಭಿಣಿಯರು ಮಾತ್ರ ಕುಡಿಯಬಾರದು. ನೀರು ತೀರಾ ಕಡಿಮೆಯಿರುವ ಕಡೆ ಮದರಂಗಿ ಹಾಕಿ. ನುಗ್ಗೆಯನ್ನು ಬೇಲಿಗೆ ಒತ್ತಿ ನೆಡುವುದು ನಮಗೆ ಇಷ್ಟವಿಲ್ಲ. ಗಾಳಿಗೆ ಕೊಂಬೆ ಮುರಿದು ತಗಡಿನ ಮೇಲೆ ಬೀಳುತ್ತದೆ, ಕಂಬಳಿಹುಳು ಗೋಡೆ ಹತ್ತಿ ಪಕ್ಕದ ಮನೆಯ ಬಟ್ಟೆ ಸೇರುತ್ತದೆ. ಅದು ಹಿತ್ತಲ ನಡುವೆ ಇರಲಿ.

ತಂತಿಬಲೆಯ ಬೇಲಿಯಾದರೆ ಕೆಲಸ ಸುಲಭ. ತೊಂಡೆ ಒಮ್ಮೆ ಹಬ್ಬಿದರೆ ವರ್ಷಗಟ್ಟಲೆ ಕಾಯಿ ಕೊಡುತ್ತದೆ. ಮಳೆಗಾಲದಲ್ಲಿ ಅವರೆ, ಹೀರೆ ಸೇರಿಸಬಹುದು. ತಗಡಿನ ಮೇಲೆ ಬಳ್ಳಿಯನ್ನು ನೇರವಾಗಿ ಹಬ್ಬಿಸಿದರೆ ಚೈತ್ರದ ಬಿಸಿಲಿಗೆ ಕುಡಿ ಸುಟ್ಟುಹೋಗುತ್ತದೆ. ಅರ್ಧ ಅಡಿ ಈಚೆಗೆ ಬಿದಿರುಗಳು ನಿಲ್ಲಿಸಿ, ಹಗ್ಗ ಎಳೆದು ಹಬ್ಬಿಸಿ. ನಡುವೆ ಗಾಳಿ ಆಡಲಿ.

ಇನ್ನು ನೀರಿನ ಮಾತು. ಧರ್ಮಪುರಿ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಹಲ್ಲು ಕಂದಿದ, ಮೂಳೆ ಬಾಗಿದ ಎಷ್ಟೋ ಜನರನ್ನು ಈ ನಾಡು ಕಂಡಿದೆ. ಅದಕ್ಕೆಂದೇ ಬಂದ ಹೊಗೇನಕಲ್ ಕುಡಿಯುವ ನೀರಿನ ಯೋಜನೆ 2013ರಲ್ಲಿ ಉದ್ಘಾಟನೆಯಾಯಿತು. ಆ ಕಾವೇರಿ ನೀರನ್ನು ಪೈಪು ಹಿಡಿದು ಬೇಲಿಗೆ ಬಿಡುವುದನ್ನು ನೋಡಿದರೆ ಸಂಕಟವಾಗುತ್ತದೆ. ಪಾತ್ರೆ ತೊಳೆದ, ಸ್ನಾನದ ನೀರನ್ನು ಒಂದು ಸಣ್ಣ ಕಾಲುವೆ ತೋಡಿ ಬೇಲಿಯುದ್ದಕ್ಕೂ ಹರಿಸಿದರೆ ಲಕ್ಕಿಗೂ ಆಡುಸೋಗೆಗೂ ಅಷ್ಟೇ ಸಾಕು. ಆ ನೀರಿಗೆ ಬದುಕದ ಗಿಡ ನಮ್ಮ ಬೇಲಿಗೆ ಬೇಡ.

ನೆಡುವ ಕಾಲ ಆಡಿ ಕಳೆದ ಮೇಲೆ. ನಮ್ಮಲ್ಲಿ ವರ್ಷಕ್ಕೆ ಬೀಳುವ ಸುಮಾರು 850 ಮಿ.ಮೀ. ಮಳೆಯಲ್ಲಿ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲೇ ಬರುತ್ತದೆ. ಗೋಡೆಯ ಬುಡದಲ್ಲಿ ಮೇಸ್ತ್ರಿಗಳು ಬಿಟ್ಟುಹೋದ ಸಿಮೆಂಟು, ಸುಣ್ಣದ ಗಾರೆ ಹೂತಿರುತ್ತದೆ. ಒಂದೂವರೆ ಅಡಿ ಅಗೆದು ಅದನ್ನು ತೆಗೆದು, ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ ತುಂಬಿಸಿ. ಗೋಡೆಯಿಂದ ಮೂರು ಅಡಿ ಬಿಟ್ಟು, ಕಡ್ಡಿಯಿಂದ ಕಡ್ಡಿಗೆ ಎರಡು ಅಡಿ ಅಂತರದಲ್ಲಿ ನೆಡಿ. ಆ ಮೂರು ಅಡಿ ದಂಡವಲ್ಲ. ಹಿಂದೆ ಗುಡಿಸಲು ಜಾಗವಿರದಿದ್ದರೆ ಕಸ ಕೂಡಿ, ಇಲಿ ಬಂದು, ಅದರ ಬೆನ್ನಿಗೆ ಹಾವು ಬರುತ್ತದೆ.

ಮೊಣಕಾಲೆತ್ತರ ಬಂದೊಡನೆ ಲಕ್ಕಿಯ ತುದಿ ಚಿವುಟಬೇಕು. ಇಲ್ಲಿಯೇ ಹೆಚ್ಚಿನವರಿಗೆ ಮನಸ್ಸು ಬರುವುದಿಲ್ಲ. ಎತ್ತರ ಬೇಕೆಂದು ನೆಟ್ಟದ್ದನ್ನು ಕತ್ತರಿಸುವುದೇ ಎನ್ನುತ್ತಾರೆ. ಚಿವುಟದೆ ಬಿಟ್ಟ ಗಿಡ ಕೋಲಿನಂತೆ ಏರಿ ತಲೆಯಲ್ಲಿ ಮಾತ್ರ ಎಲೆ ಬಿಡುತ್ತದೆ. ಮುಚ್ಚಬೇಕಾದ ಗೋಡೆ ಬುಡದಲ್ಲಿ ಹಾಗೆಯೇ ಕಾಣುತ್ತದೆ.

ನೆಡುವ ಮುಂಚೆ ಪಕ್ಕದ ಮನೆಯವರನ್ನು ಕರೆದು ತೋರಿಸಿ, ಅವರ ಬಾವಿ, ನೀರಿನ ತೊಟ್ಟಿ ಎಲ್ಲಿದೆಯೆಂದು ಕೇಳಿ. ಎಲೆ ಉದುರುವ ಕಡೆ ಒಂದೆರಡು ಗಿಡ ಕಡಿಮೆಯಾದರೆ ನಷ್ಟವೇನೂ ಇಲ್ಲ. ಆಚೆ ಕಡೆ ಬಾಗಿದ ತೊಂಡೆಬಳ್ಳಿಯ ಕಾಯಿ ಅವರದೇ ಎಂದು ಮೊದಲೇ ಹೇಳಿಬಿಡಿ.

ಲಕ್ಕಿ, ಆಡುಸೋಗೆಯ ಕಡ್ಡಿ ಬೇಕಾದವರು ಭಾನುವಾರದ ಬಲಿಪೂಜೆಯ ನಂತರ ಗುರುಮನೆಯ ಹಿತ್ತಲಿಗೆ ಬರಬಹುದು. ಕುಡುಗೋಲು, ಒದ್ದೆ ಗೋಣಿಚೀಲ ನೀವೇ ತನ್ನಿ.