ಅಂಡಾಣು ಕೊಟ್ಟ ಹೆಂಗಸರ ಲೆಕ್ಕ ಕೇಳುವವರು ಯಾರು?

ಮನುಷ್ಯ ಭ್ರೂಣದ ತದ್ರೂಪಿ ಮಾಡಬಹುದೇ? ಈ ಮಾತು ಎದ್ದಾಗಲೆಲ್ಲ ಒಂದು ಕಡೆಯವರು ‘ಭ್ರೂಣವೂ ಜೀವವೇ’ ಎನ್ನುತ್ತಾರೆ, ಇನ್ನೊಂದು ಕಡೆಯವರು ‘ಬೆನ್ನುಹುರಿ ಮುರಿದವರು ಎದ್ದು ನಡೆಯುತ್ತಾರೆ’ ಎನ್ನುತ್ತಾರೆ. ಈ ಗಲಾಟೆಯಲ್ಲಿ ಅಂಡಾಣು ಕೊಟ್ಟ ಹೆಂಗಸು ಯಾರಿಗೂ ಕಾಣುವುದಿಲ್ಲ.

ತದ್ರೂಪಿ ಭ್ರೂಣಕ್ಕೆ ಹೆಣ್ಣಿನ ಅಂಡಾಣು ಬೇಕೇ ಬೇಕು. ಅದರ ತಿರುಳು ತೆಗೆದು ರೋಗಿಯ ಜೀವಕೋಶದ ತಿರುಳು ತುಂಬುತ್ತಾರೆ. ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡಾಣು ಬಲಿಯುತ್ತದಲ್ಲ, ಅದು ಸಾಲದು. ಹಾಗಾಗಿ ದಿನಾ ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಹತ್ತಾರು ಬಲಿಸಿ, ಸೂಜಿ ಚುಚ್ಚಿ ಹೊರತೆಗೆಯುತ್ತಾರೆ. ಕೆಲವರಿಗೆ ಹೊಟ್ಟೆಯಲ್ಲಿ ನೀರು ತುಂಬಿ ಆಸ್ಪತ್ರೆ ಸೇರಬೇಕಾಗುತ್ತದೆ.

ದಕ್ಷಿಣ ಕೊರಿಯಾದಲ್ಲಿ ಆದದ್ದು ನೋಡಿ. ಹ್ವಾಂಗ್ ವೂ-ಸುಕ್ ಆಗ ಸೋಲ್ ರಾಷ್ಟ್ರೀಯ ವಿಶ್ವವಿದ್ಯಾಲಯದ ಪಶುವೈದ್ಯ ಪ್ರೊಫೆಸರ್ ಆಗಿದ್ದರು. ತದ್ರೂಪಿ ಮಾನವ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದೆ ಎಂದು 2004ರಲ್ಲಿ ಘೋಷಿಸಿದರು. ಗಾಲಿಕುರ್ಚಿಯಿಂದ ಎದ್ದು ನಿಲ್ಲುವ ಮನುಷ್ಯನ ಚಿತ್ರವಿರುವ ಅಂಚೆಚೀಟಿಯೂ ಬಂತು! 2005ರಲ್ಲಿ ರೋಗಿಗಳದ್ದೇ 11 ಸ್ಟೆಮ್ ಸೆಲ್ ತಳಿ ಸಿದ್ಧ ಎಂದರು.

ಅದೇ ವರ್ಷ ನವೆಂಬರ್‌ನಲ್ಲಿ ಎಂಬಿಸಿ ಟಿವಿಯ ವರದಿಗಾರರು ಅಂಡಾಣುಗಳಿಗೆ ದುಡ್ಡು ಕೊಟ್ಟದ್ದನ್ನು ಬಯಲಿಗೆಳೆದರು. ಹ್ವಾಂಗ್ ಕೈಕೆಳಗಿನ ಸಂಶೋಧಕಿಯರೂ ಅಂಡಾಣು ಕೊಟ್ಟಿದ್ದರು. ಕೆಲಸ ಕೊಟ್ಟ ಯಜಮಾನನಿಗೆ ಬೇಕು ಎಂದರೆ ಆ ಹುಡುಗಿ ಇಲ್ಲ ಎನ್ನಲಾದೀತೇ? ಇದನ್ನು ಒಪ್ಪಿಗೆ ಎಂದು ಕರೆಯಲು ನಾಚಿಕೆಯಾಗಬೇಕು. ಆದರೆ ಜನ ಬೈದದ್ದು ವರದಿಗಾರರನ್ನು. ಕಾರ್ಯಕ್ರಮಕ್ಕೆ ಜಾಹೀರಾತು ನಿಂತವು. (ದೇಶಭಕ್ತಿಯ ಹೆಸರಲ್ಲಿ ಪತ್ರಕರ್ತರ ಬಾಯಿ ಮುಚ್ಚಿಸುವುದು ನಮ್ಮಲ್ಲಿ ಮಾತ್ರ ಎಂದುಕೊಳ್ಳಬೇಡಿ.)

2006ರ ಜನವರಿಯಲ್ಲಿ ವಿಶ್ವವಿದ್ಯಾಲಯದ ತನಿಖೆ ಮುಗಿಯಿತು. ತದ್ರೂಪಿ ಭ್ರೂಣದಿಂದ ಬಂದ ತಳಿ ಒಂದೂ ಇರಲಿಲ್ಲ. ನೂರಕ್ಕೂ ಹೆಚ್ಚು ಹೆಂಗಸರಿಂದ ತೆಗೆದ 2,000ಕ್ಕೂ ಹೆಚ್ಚು ಅಂಡಾಣು ಮಾತ್ರ ನಿಜ. 2009ರಲ್ಲಿ ಕೋರ್ಟ್ ಹ್ವಾಂಗ್‌ರನ್ನು ಅಪರಾಧಿ ಎಂದಿತು, ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಅವರು ನಾಯಿಗಳ ತದ್ರೂಪಿ ಮಾಡಿಕೊಂಡು ಮುಂದುವರಿದರು.

‘ಒಬ್ಬ ಮೋಸಗಾರನಿಗಾಗಿ ವಿಜ್ಞಾನವನ್ನೇ ದೂರಬೇಡಿ’ ಎನ್ನುತ್ತೀರಾ? ವಿಜ್ಞಾನವೇ ಬೇರೆ ದಾರಿ ತೋರಿಸಿದೆ. ಜಪಾನಿನ ಶಿನ್ಯಾ ಯಮನಾಕ 2007ರಲ್ಲಿ ಮನುಷ್ಯರ ಚರ್ಮದ ಕೋಶದಿಂದಲೇ ಅಂಥ ಸೆಲ್ ಮಾಡಿದರು, 2012ರಲ್ಲಿ ನೊಬೆಲ್ ಪಡೆದರು. ಅಂಡಾಣು ಬೇಕಿಲ್ಲ, ಭ್ರೂಣವೂ ಬೇಕಿಲ್ಲ. ಗಡ್ಡೆಯಾಗುವ ಭಯದಂಥ ತೊಡಕು ಅದಕ್ಕೂ ಇದೆ, ನಿಜ.

ಮಕ್ಕಳಾಗದವರ ಚಿಕಿತ್ಸೆಗಾಗಿ ಮಾಡಿದ ನಮ್ಮ 2021ರ ಕಾನೂನಿನಂತೆ ಹೆಂಗಸು ಜೀವಮಾನದಲ್ಲಿ ಒಮ್ಮೆ ಮಾತ್ರ ಅಂಡಾಣು ದಾನ ಮಾಡಬಹುದು, 7ಕ್ಕಿಂತ ಹೆಚ್ಚು ತೆಗೆಯುವಂತಿಲ್ಲ. ಹಾಗಿರುವಾಗ, ತದ್ರೂಪಿ ಭ್ರೂಣದ ಪ್ರಯೋಗಕ್ಕೆ ಯಾವ ಲ್ಯಾಬ್ ಅನುಮತಿ ಕೇಳಿದರೂ ಮೊದಲು ಹೇಳಲಿ: ಎಷ್ಟು ಅಂಡಾಣು ಬೇಕು, ಯಾರಿಂದ ತರುತ್ತೀರಿ, ಅವಳಿಗೆ ಕಾಯಿಲೆಯಾದರೆ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ?